ಆರೂವರೆ ಗಂಟೆಯ ಕೂಲಿ

ಟೆರ್ವೊ ಗ್ಯಾರೇಜಿನ ಕೌಂಟರಿನಲ್ಲಿ ಐನಾ ಕೋಸ್ಕಿ ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಬೈಸಿಕೊಳ್ಳುವುದು. ಕಾರಿನ ಹೊಟ್ಟೆಯೊಳಗೆ ಏನು ಕೆಟ್ಟಿದೆ ಅಂತ ಮೆಕ್ಯಾನಿಕ್ಕುಗಳು ಎಣ್ಣೆ ಕೈಯಲ್ಲಿ ಚೀಟಿ ಗೀಚಿ ತಂದಿಡುತ್ತಿದ್ದರು. ಅದನ್ನು ಡಾಲರಿಗೆ ತಿರುಗಿಸಿ, ಕಾಫಿ ಕುಡಿಯುತ್ತ ಕಾದು ಕೂತವರಿಗೆ ಹೇಳುವುದು ಐನಾಳ ಪಾಲು. ಹೇಳಿದ ಮೇಲೆ ಅವರ ಮುಖ ಕಪ್ಪಿಡುವುದನ್ನು ನೋಡುವುದೂ ಅವಳದೇ ಪಾಲು.

ಆಲ್ಡರ್ ಬೇ ಊರು ಅಮೆರಿಕದ ಉತ್ತರದ ಸುಪೀರಿಯರ್ ಸರೋವರದ ದಂಡೆಯಲ್ಲಿದೆ. ಅಕ್ಟೋಬರಿನಲ್ಲಿ ಹಿಮ ಬೀಳಲು ಶುರುವಾದರೆ ಏಪ್ರಿಲಿನವರೆಗೂ ರಸ್ತೆಗೆ ಉಪ್ಪು ಸುರಿಯುತ್ತಲೇ ಇರುತ್ತಾರೆ. ಉಪ್ಪು ಹಿಮವನ್ನು ಕರಗಿಸಿ ಸುಮ್ಮನಾಗುವುದಿಲ್ಲ, ಕಬ್ಬಿಣವನ್ನೂ ತಿನ್ನುತ್ತದೆ. ಹಿಮ ಕಾಣದ ಅರಿಜೋನಾದಲ್ಲಿ ಮಗಳ ಕಾರಿಗೆ ಅರ್ಧ ಬೆಲೆಗೆ ರಿಪೇರಿ ಆಯಿತು ಅಂತ ಯಾರಾದರೂ ಜಗಳಕ್ಕೆ ಬಂದರೆ ಐನಾ ಕನ್ನಡಕ ಹಣೆಗೇರಿಸಿ ಹೇಳುತ್ತಿದ್ದಳು: "ಅಲ್ಲಿ ಬೋಲ್ಟು ತಿರುಗಿಸಿದ್ರೆ ತಿರುಗತ್ತೆ ಮಾರಾಯ್ರೆ, ಇಲ್ಲಿ ಮುರಿಯುತ್ತೆ. ರಿಪೇರಿ ಪುಸ್ತಕದಲ್ಲಿ ನಾಲ್ಕು ಗಂಟೆ ಕೆಲಸ ಅಂತ ಬರೆದವನು ಹೊಸ ಕಾರು ಮುಂದಿಟ್ಕೊಂಡು ಬರೆದ. ನಿಮ್ಮದು ಹದಿಮೂರು ಚಳಿಗಾಲ ಉಪ್ಪು ತಿಂದಿದೆ." ಹೀಗೆ ಒಂದೊಂದು ಸಾಲನ್ನೂ ಬಿಡಿಸಿ ಹೇಳುವುದರಲ್ಲಿ ಅವಳದು ಎತ್ತಿದ ಕೈ. ಬೈದವರೇ ಕೊನೆಗೆ ಸಹಿ ಹಾಕಿ, ಕಾರು ಬಿಟ್ಟು ಹೋಗುತ್ತಿದ್ದರು.

ನವೆಂಬರಿನ ಎರಡನೇ ವಾರ ಮಾರ್ಲೀಸ್ ಹೀಬರ್ ಬಂದಳು. ಮನೆಮನೆಗೆ ಹೋಗಿ, ಕೈಲಾಗದ ಮುದುಕರ ಮೈ ತೊಳೆದು, ಉಣಿಸಿ, ಮಾತ್ರೆ ನುಂಗಿಸಿ ಬರುವ ಕೆಲಸ ಅವಳದು. ದಿನಕ್ಕೆ ನೂರು ಮೈಲಿ ಕಾರು ಓಡಿಸದಿದ್ದರೆ ಆ ಕೆಲಸವೇ ಇಲ್ಲ. ಐನಾಳ ತಾಯಿಯ ಕೊನೆಯ ಐದು ತಿಂಗಳು ನೋಡಿಕೊಂಡವಳೂ ಅವಳೇ. ಮಾತು ನಿಂತುಹೋಗಿದ್ದ ಮುದುಕಿಯ ತಲೆಯನ್ನು ವಾರಕ್ಕೆರಡು ಸಲ ತೊಳೆದು, ಜಡೆ ಹೆಣೆದು, "ಈಗ ನೋಡ್ಕೊಳಿ, ಒಳ್ಳೇ ಮದುಮಗಳು" ಅಂತ ಕನ್ನಡಿ ಹಿಡಿಯುತ್ತಿದ್ದಳು. ಹೆತ್ತ ಮಗಳಾಗಿ ತಾನು ಒಮ್ಮೆಯೂ ಅಷ್ಟು ಮಾಡಲಿಲ್ಲವಲ್ಲ ಎಂಬುದು ಐನಾಳ ಮನಸ್ಸಿನಲ್ಲಿ ಉಳಿದೇ ಹೋಗಿತ್ತು.

ಮಾರ್ಲೀಸ್ ಬಂದಿದ್ದು ಬರೀ ಆಯಿಲ್ ಬದಲಿಸಲು. ಕಾರು ಮೇಲೆತ್ತಿದ ಮೆಕ್ಯಾನಿಕ್ ಕೊಟ್ಟ ಚೀಟಿಯಲ್ಲಿ ಬೇರೆಯೇ ಇತ್ತು: ಬ್ರೇಕ್ ಪೈಪು ಮುಂದಿನಿಂದ ಹಿಂದಿನವರೆಗೆ ತುಕ್ಕು, ಒಂದು ಕಡೆ ಬ್ರೇಕಿನ ಎಣ್ಣೆ ಜಿನುಗುತ್ತಿದೆ, ಪೂರ್ತಿ ಬದಲಿಸಬೇಕು, ಪೆಟ್ರೋಲ್ ಟ್ಯಾಂಕು ಇಳಿಸಬೇಕು. ಐನಾ ಲೆಕ್ಕ ಹಾಕಿದಳು. ಸಾವಿರದ ನೂರ ತೊಂಬತ್ತು ಡಾಲರ್.

ಮಾರ್ಲೀಸ್ ಕಾಗದವನ್ನು ಎರಡು ಸಲ ಓದಿದಳು. "ಪೈಪಿಗೆ ಇನ್ನೂರ ನಲವತ್ತು ಅಂತಿದೆ. ಮಿಕ್ಕಿದ್ದೆಲ್ಲ ಏನು?"

"ಹೆಚ್ಚುಕಮ್ಮಿ ಕೂಲಿ. ಆರೂವರೆ ಗಂಟೆ."

"ಒಂದು ಪೈಪು ಹಾಕೋಕೆ ಆರೂವರೆ ಗಂಟೆಯಾ?" ಮಾರ್ಲೀಸ್ ನಕ್ಕಳು, ಆದರೆ ಕಣ್ಣು ತುಂಬಿತ್ತು. "ಆರೂವರೆ ಗಂಟೇಲಿ ನಾನು ನಾಲ್ಕು ಜನರ ಮೈ ತೊಳೀತೀನಿ ಐನಾ. ನನಗೆ ಸಿಗೋದು ತೊಂಬತ್ತು ಡಾಲರು."

ಬೇರೆ ಯಾರಾದರೂ ಆಗಿದ್ದರೆ ಐನಾ ಕನ್ನಡಕ ಹಣೆಗೇರಿಸುತ್ತಿದ್ದಳು. ಆ ಆರೂವರೆ ಗಂಟೆಯಲ್ಲಿ ಏನೇನಿದೆ ಅಂತ ಬಿಡಿಸಿ ಹೇಳುತ್ತಿದ್ದಳು. ಆದರೆ ಎದುರಿಗಿದ್ದವಳು ಮಾರ್ಲೀಸ್. ಅಳುತ್ತಿದ್ದವಳಿಗೆ ಲೆಕ್ಕ ಒಪ್ಪಿಸುವುದು ಐನಾಗೆ ನಾಚಿಕೆಯೆನಿಸಿತು. ತಾಯಿಯ ಜಡೆ ಕಣ್ಣೆದುರು ಬಂತು. ಹಿಂದೆ ತಿರುಗಿ ನೋಡಿದಳು. ಯಜಮಾನ ಟೆರ್ವೊನ ಕೋಣೆಯ ಬಾಗಿಲು ಮುಚ್ಚಿತ್ತು. ದನಿ ತಗ್ಗಿಸಿದಳು.

"ನೋಡಿ, ಸಾಮಾನು ಅಷ್ಟೇನಿಲ್ಲ, ಕೂಲೀನೇ ಜಾಸ್ತಿ. ಗ್ಯಾರೇಜ್ ಅಂದ್ಮೇಲೆ ಕಟ್ಟಡದ ಬಾಡಿಗೆ, ಇನ್ಶೂರೆನ್ಸು, ಹೀಟರು, ನನ್ನ ಸಂಬಳ, ಎಲ್ಲಾ ಆ ಕೂಲಿಯೊಳಗೇ ಬರತ್ತೆ. ಮನೇಲಿ ಮಾಡೋರಿಗೆ ಅದೆಲ್ಲ ಇರಲ್ಲ." ಒಂದು ಹಳೆ ರಸೀತಿಯ ಬೆನ್ನಿಗೆ ನಂಬರು ಬರೆದು ಕೌಂಟರಿನ ಮೇಲೆ ಸರಿಸಿದಳು. "ನನ್ನ ತಮ್ಮ ಡೆಲ್. ಇಲ್ಲೇ ಹನ್ನೆರಡು ವರ್ಷ ಕೆಲಸ ಮಾಡಿದ್ದ, ಬೆನ್ನು ಹೋದ ಮೇಲೆ ಮನೆ ಶೆಡ್ಡಲ್ಲೇ ಮಾಡ್ತಾನೆ. ನಾನು ಹೇಳ್ದೆ ಅಂತ ಮಾತ್ರ ಯಾರ ಹತ್ರನೂ ಹೇಳ್ಬೇಡಿ. ನನ್ನ ಕೆಲಸ ಹೋಗತ್ತೆ."

"ಸತ್ರೂ ಹೇಳಲ್ಲ," ಎಂದಳು ಮಾರ್ಲೀಸ್, ಐನಾಳ ಕೈ ಹಿಡಿದು.

ರಿಪೇರಿ ಬೇಡವೆಂದು ಹೋಗುವವರಿಗೆಲ್ಲ ಮಾಡುವಂತೆ ಐನಾ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದಳು. ಕಾಗದದ ಕೆಳಗೆ ರೂಢಿಯ ಸಾಲು ಅಚ್ಚಾಯಿತು: ಈ ವಾಹನ ಓಡಿಸುವುದು ಅಪಾಯವೆಂದು ವಿವರಿಸಲಾಗಿದೆ, ಗ್ರಾಹಕರು ರಿಪೇರಿ ನಿರಾಕರಿಸಿದ್ದಾರೆ. ಮಾರ್ಲೀಸ್ ಓದದೆ ಸಹಿ ಹಾಕಿದಳು. ಐನಾ ಕೂಡ ಓದಿರಲಿಲ್ಲ. ದಿನಕ್ಕೆ ಹತ್ತು ಸಲ ಒತ್ತುವ ಗುಂಡಿ ಅದು.

ಡೆಲ್ ಆ ಶನಿವಾರವೇ ಕೆಲಸ ಮಾಡಿಕೊಟ್ಟ. ಇನ್ನೂರ ಇಪ್ಪತ್ತು ಡಾಲರ್ ತೆಗೆದುಕೊಂಡ. ಮರುದಿನ ಮಾರ್ಲೀಸ್ ಏಲಕ್ಕಿ ಹಾಕಿದ ನಿಸು ಎಂಬ ಸಿಹಿ ಬ್ರೆಡ್ಡು ಬೇಯಿಸಿ ಐನಾಳ ಮನೆ ಬಾಗಿಲಲ್ಲಿಟ್ಟು ಹೋಗಿದ್ದಳು.

ಫೆಬ್ರವರಿಯ ಮೂರನೇ ವಾರ, ಬೆಳಗಿನ ಹನ್ನೊಂದರ ಹೊತ್ತಿಗೆ, ಮಾರ್ಲೀಸ್ ಎಮಿಲ್ ಪೆರಾಲಾ ಎಂಬ ಎಂಬತ್ತೊಂದರ ಮುದುಕನನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದಳು. ಮುದುಕ ಪಕ್ಕದ ಸೀಟಿನಲ್ಲಿ ಕಂಬಳಿ ಹೊದ್ದು ಕೂತಿದ್ದ. ಸೇತುವೆಗೆ ಇಳಿಯುವ ದಿಣ್ಣೆಯ ಬುಡದಲ್ಲಿ ಮರದ ದಿಮ್ಮಿ ಹೇರಿದ ಲಾರಿಯೊಂದು, ಎದುರಿನ ಹಿಮ ಗುಡಿಸುವ ಗಾಡಿಗೆ ದಾರಿ ಬಿಟ್ಟು ನಿಂತಿತ್ತು. ಮಾರ್ಲೀಸ್ ದೂರದಿಂದಲೇ ಬ್ರೇಕ್ ಒತ್ತಿದಳು. ಪೆಡಲು ಒಮ್ಮೆ ಗಟ್ಟಿ ನಿಂತು, ಆಮೇಲೆ ಕೆಸರಿಗೆ ಕಾಲಿಟ್ಟಂತೆ ತಳಕ್ಕೆ ಇಳಿದುಹೋಯಿತು. ಎರಡು ಚಕ್ರ ಹಿಡಿದವು, ಎರಡು ಹಿಡಿಯಲಿಲ್ಲ. ಹಿಮದ ಮೇಲೆ ಕಾರು ಅಡ್ಡ ತಿರುಗಿ, ಮುದುಕ ಕೂತಿದ್ದ ಮಗ್ಗುಲನ್ನೇ ಮುಂದೆ ಮಾಡಿಕೊಂಡು, ಹೊರಗೆ ಚಾಚಿದ್ದ ದಿಮ್ಮಿಗಳ ಕೆಳಕ್ಕೆ ಜಾರಿತು.

ಎಮಿಲ್ ಅಲ್ಲೇ ತೀರಿಕೊಂಡ. ಮಾರ್ಲೀಸಳ ಭುಜದ ಮೂಳೆ ಮುರಿಯಿತು.

ಸುದ್ದಿ ಮಧ್ಯಾಹ್ನದ ಹೊತ್ತಿಗೆ ಗ್ಯಾರೇಜಿಗೆ ಬಂತು. ಐನಾ ಆಗ ಮಾಂಸ ತುಂಬಿದ ಪ್ಯಾಸ್ಟಿ ತಿನ್ನುತ್ತಿದ್ದಳು. ಅರ್ಧಕ್ಕೇ ಬಿಟ್ಟು ಎದ್ದಳು. ಡೆಲ್‌ಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

ಐದನೇ ದಿನ ಶೆರಿಫ್ ಕಚೇರಿಯ ಅಧಿಕಾರಿಯೊಬ್ಬ ಬಂದ. ಕಾರು ಬಿಚ್ಚಿ ನೋಡಿದ್ದರಂತೆ. ಮುಂದಿನ ಅರ್ಧ ಪೈಪು ಹೊಸದು, ಅಚ್ಚುಕಟ್ಟಾಗಿ ಹಾಕಿದ್ದಾರೆ. ಒಡೆದಿದ್ದು ಹಿಂದಿನದು, ಪೆಟ್ರೋಲ್ ಟ್ಯಾಂಕಿನ ಮೇಲೆ ಹಾದುಹೋಗುವ ತುಂಡು. "ಹೋದ ನವೆಂಬರಲ್ಲಿ ಕಾರು ಇಲ್ಲಿಗೆ ಬಂದಿತ್ತಂತೆ?" ಎಂದು ಕೇಳಿದ.

ಟೆರ್ವೊ ಹೆದರಿದ್ದ. ಆದರೆ ಆ ಕಾಗದ ಸಿಕ್ಕಿದ್ದೇ ತಡ ಅವನ ಮುಖಕ್ಕೆ ರಕ್ತ ಬಂತು. ಕೊನೆಯ ಸಾಲನ್ನೂ ಸಹಿಯನ್ನೂ ಬೆರಳಿಟ್ಟು ತೋರಿಸಿದ. ಅಧಿಕಾರಿ ಎರಡು ಪ್ರತಿ ತೆಗೆಸಿಕೊಂಡ.

"ಗೊತ್ತಿದ್ದೂ ಓಡಿಸಿದ್ದಾಳೆ ಅಂದ ಹಾಗಾಯ್ತು," ಎಂದ. "ಸರ್ಕಾರಿ ವಕೀಲರು ಇದನ್ನ ಸುಮ್ನೆ ಬಿಡಲ್ಲ. ಆ ಹೊಸ ಪೈಪು ಹಾಕಿದ್ದು ಯಾರು ಅಂದ್ರೆ, ನಾನೇ ಹಾಕ್ಕೊಂಡೆ ಅಂತಾಳೆ. ನನಗೇನೋ ನಂಬಿಕೆ ಬರ್ತಿಲ್ಲ. ಆದ್ರೆ ಅವಳು ಬಾಯಿ ಬಿಡ್ತಿಲ್ಲ." ಐನಾಳ ಕಡೆ ತಿರುಗಿದ. "ನೀವೇ ಅಲ್ವಾ ವಿವರಿಸಿದ್ದು? ಅಪಾಯ ಅಂತ ಸ್ಪಷ್ಟವಾಗಿ ಹೇಳಿದ್ರಾ?"

"ಕಾಗದದಲ್ಲಿ ಇದೆಯಲ್ಲ," ಎಂದಳು ಐನಾ. ತನ್ನ ದನಿ ತನಗೇ ಬೇರೆಯವರದು ಅನಿಸಿತು.

ಅವನು ಹೋದ ಮೇಲೆ ಟೆರ್ವೊ ಅವಳ ಬೆನ್ನು ತಟ್ಟಿದ. "ಒಂದು ಸಹಿ ಅಂದ್ರೆ ಹತ್ತು ವಕೀಲರಿಗೆ ಸಮ ಕಣೆ. ನನ್ನ ಗ್ಯಾರೇಜು ಉಳಿಸಿದೆ ನೀನು."

ಆ ಸಂಜೆ ಅವಳು ತಮ್ಮನ ಮನೆಗೆ ಹೋದಳು. ಡೆಲ್ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಒಲೆ ಉರಿಯುತ್ತಿರಲಿಲ್ಲ. ಉಸಿರು ಹೊಗೆಯಾಗುತ್ತಿತ್ತು.

"ಟ್ಯಾಂಕಿನ ಮೇಲಿಂದು ಹಾಕಿರ್ಲಿಲ್ವಾ ನೀನು?" ಎಂದಳು.

"ಹೇಗೆ ಹಾಕ್ಲಿ ಅಕ್ಕಾ? ಇಲ್ಲೇನು ಲಿಫ್ಟ್ ಇದೆಯಾ? ಎರಡು ಜಾಕ್ ಮೇಲೆ ಕಾರು ನಿಲ್ಸಿ ಅಂಗಾತ ಮಲಗಿ ಮಾಡೋದು. ಮುಕ್ಕಾಲು ತುಂಬಿದ ಟ್ಯಾಂಕು ಎದೆ ಮೇಲೆ ಇಳಿಸ್ಕೊಳ್ಳೋಕೆ ಈ ಬೆನ್ನು ಕೇಳಬೇಕಲ್ಲ. ಕಾಣೋದನ್ನೆಲ್ಲ ಬದಲಾಯಿಸ್ದೆ. ಜಿನುಗ್ತಿದ್ದಿದ್ದು ಮುಂದಿನದೇ." ಕೈಯಲ್ಲಿದ್ದ ಸ್ಪಾನರನ್ನು ಸುಮ್ಮನೆ ತಿರುಗಿಸಿದ. "ಅವಳಿಗೆ ಹೇಳ್ದೆ. ಹಿಂದಿನದು ನೋಡಿಲ್ಲ, ಬೇಸಿಗೆಗೆ ಬಾ, ಯಾರನ್ನಾದ್ರೂ ಸಹಾಯಕ್ಕೆ ಕರ್ಕೊಂಡು ಇಳಿಸೋಣ ಅಂದೆ."

"ಅವಳೇನಂದ್ಲು?"

"ಐನಾ ಕಳಿಸಿದ್ದು ಅಂದ್ಮೇಲೆ ನನಗೇನೂ ಭಯ ಇಲ್ಲ ಅಂದ್ಲು."

ಐನಾ ಶೆಡ್ಡಿನ ಕಂಬಕ್ಕೆ ಒರಗಿದಳು.

"ಅಧಿಕಾರಿ ಬಂದಿದ್ದ," ಎಂದಳು. "ಅವಳು ನಿನ್ನ ಹೆಸರು ಹೇಳಿಲ್ಲ. ನಂದೂ ಹೇಳಿಲ್ಲ."

ಡೆಲ್ ತಲೆಯೆತ್ತಿದ. ಅವನ ಮುಖದಲ್ಲಿ ನೆಮ್ಮದಿ ಮೂಡಿತ್ತು. "ಹಾಗಾದ್ರೆ ನೀನ್ಯಾಕೆ ಹೇಳ್ತೀಯ? ಹೇಳಿದ್ರೆ ಮುದುಕ ಎದ್ದು ಬರ್ತಾನಾ? ನನಗೆ ಲೈಸೆನ್ಸಿಲ್ಲ, ಇನ್ಶೂರೆನ್ಸಿಲ್ಲ. ಮನೆ ಮಠ ಎಲ್ಲ ಬರ್ಕೊಡಬೇಕಾಗತ್ತೆ. ನಾನು ತಗೊಂಡಿದ್ದು ಇನ್ನೂರ ಇಪ್ಪತ್ತು, ಅದ್ರಲ್ಲಿ ತೊಂಬತ್ತು ಪೈಪಿಗೇ ಹೋಯ್ತು. ಒಂದು ದಿನ ಪೂರ್ತಿ ಈ ಕೊರೆಯೋ ನೆಲದ ಮೇಲೆ ಮಲಗಿದ್ದೆ ಅಕ್ಕಾ. ಪುಣ್ಯದ ಕೆಲಸ ಅಂತ ಮಾಡಿದ್ದು."

"ಗೊತ್ತು ಕಣೋ."

"ಗೊತ್ತಿದ್ರೆ ಬಾಯಿ ಮುಚ್ಕೊಂಡಿರು."

ಅವಳು ಮೂರು ವಾರ ಬಾಯಿ ಮುಚ್ಚಿಕೊಂಡೇ ಇದ್ದಳು. ಆ ಮೂರು ವಾರದಲ್ಲಿ ಮಾರ್ಲೀಸಳ ಮೇಲೆ ಸಾವಿಗೆ ಕಾರಣಳಾದ ಆರೋಪ ಬಿತ್ತು, ಕೆಲಸವೂ ಹೋಯಿತು. ಎಮಿಲ್‌ನ ಮಗಳು ಲಾನ್ಸಿಂಗಿನಿಂದ ಬಂದು ಅಪ್ಪನ ನೆನಪಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಇಟ್ಟ ಊಟದಲ್ಲಿ, ಎಲ್ಲರಿಗೂ ಕೇಳುವಂತೆ, "ನನ್ನಪ್ಪನ ಜೀವಕ್ಕಿಂತ ಅವಳಿಗೆ ಸಾವಿರ ಡಾಲರ್ ದೊಡ್ಡದಾಯ್ತು" ಅಂದಳು. ಯಾರೂ ಇಲ್ಲ ಎನ್ನಲಿಲ್ಲ. ಐನಾ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಗ್ಯಾರೇಜಿನಲ್ಲಂತೂ ಜನ ಈಗ ಎಸ್ಟಿಮೇಟು ನೋಡಿ ಬೈಯುತ್ತಿರಲಿಲ್ಲ. ಬ್ರೇಕು ಅಂದ ಕೂಡಲೇ ತುಟಿ ಪಿಟಕ್ಕೆನ್ನದೆ ಸಹಿ ಹಾಕುತ್ತಿದ್ದರು. ಟೆರ್ವೊ ಇನ್ನೊಬ್ಬ ಮೆಕ್ಯಾನಿಕ್ಕಿಗೆ ಜಾಹೀರಾತು ಕೊಟ್ಟ.

ಮಾರ್ಚಿನ ಒಂದು ಭಾನುವಾರ ಐನಾ ಮಾರ್ಲೀಸಳ ಮನೆಗೆ ಹೋದಳು. ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆ. ಮಾರ್ಲೀಸ್ ಒಂದು ಕೈಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಇನ್ನೊಂದು ಕೈಯಲ್ಲಿ ಕಾಫಿ ಬಗ್ಗಿಸಿದಳು. ಸೊರಗಿದ್ದಳು. ಸಿಟ್ಟೇನೂ ಕಾಣಲಿಲ್ಲ. ಅದೇ ಐನಾಗೆ ಕಷ್ಟವಾಯಿತು.

"ಯಾಕೆ ಹೇಳ್ಲಿಲ್ಲ ನೀವು?" ಎಂದಳು ಐನಾ.

"ಹೇಳಬೇಡಿ ಅಂದಿದ್ರಲ್ಲ."

"ಅದು ನನ್ನ ಕೆಲಸದ ಮಾತು. ಇದು ಜೈಲಿನ ಮಾತು."

"ನಿಮ್ಮ ತಮ್ಮ ನನಗೋಸ್ಕರ ಕೊರೆಯೋ ನೆಲದ ಮೇಲೆ ಮಲಗಿದ್ರು. ಎಳೆದು ತಂದು ಏನು ಮಾಡ್ಲಿ? ಬ್ರೇಕ್ ಒತ್ತಿದ ಕಾಲು ನಂದು." ಮಾರ್ಲೀಸ್ ಕಿಟಕಿಯ ಕಡೆ ನೋಡಿದಳು. "ಎಮಿಲ್ ಅವತ್ತು ಬೆಳಿಗ್ಗೆ ಬರಲ್ಲ ಅಂದಿದ್ರು. ಈ ಹಿಮದಲ್ಲಿ ಬೇಡ ಮಗಳೇ, ಒಂದು ದಿನ ತಪ್ಪಿದ್ರೆ ಸಾಯಲ್ಲ ಅಂದ್ರು. ನಾನೇ ಪುಸಲಾಯಿಸಿ ಬೂಟು ಹಾಕಿಸ್ದೆ."

ಮಾರ್ಲೀಸ್ ಎದ್ದು ಡ್ರಾದಿಂದ ಒಂದು ಕಾಗದ ತಂದು ಮೇಜಿನ ಮೇಲೆ ಹರವಿದಳು. ಅವಳ ವಕೀಲರು ಕಳಿಸಿದ ಪ್ರತಿ. ಟೆರ್ವೊ ಗ್ಯಾರೇಜಿನ ಎಸ್ಟಿಮೇಟು.

"ಇದನ್ನ ದಿನಾ ನೋಡ್ತೀನಿ. ನೀವು ಬಿಡಿಸಿ ಹೇಳೋದ್ರಲ್ಲಿ ಜಾಣೆ ಅಂತ ಊರೆಲ್ಲ ಹೇಳತ್ತೆ. ಈ ಆರೂವರೆ ಗಂಟೆ ಅಂದ್ರೆ ಏನು? ಅವತ್ತು ಅರ್ಥ ಆಗ್ಲಿಲ್ಲ. ಈಗ ಹೇಳಿ."

ಐನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅಕ್ಷರ ಕಾಣಬೇಕಾಗಿರಲಿಲ್ಲ.

"ಮುಂದಿನ ಪೈಪಿಗೆ ಎರಡು ಗಂಟೆ ಸಾಕು," ಎಂದಳು. "ಮಿಕ್ಕಿದ್ದು ಟ್ಯಾಂಕಿಗೆ. ಅದರ ಮೇಲೆ ಪೈಪು ಹೋಗುತ್ತೆ. ಟ್ಯಾಂಕು ಇಳಿಸದೆ ಕಣ್ಣಿಗೂ ಕಾಣಲ್ಲ, ಕೈಗೂ ಸಿಗಲ್ಲ. ಮೊದಲು ಪೆಟ್ರೋಲ್ ಹೊರಗೆ ತೆಗೀಬೇಕು. ಟ್ಯಾಂಕು ಹಿಡಿದಿರೋ ಪಟ್ಟಿಗಳ ಬೋಲ್ಟು ತುಕ್ಕು ಹಿಡಿದು ಅಂಟಿಕೊಂಡಿರುತ್ತೆ. ಪೆಟ್ರೋಲ್ ಪಕ್ಕದಲ್ಲಿ ಬೆಂಕಿ ಹಾಕಿ ಕಾಯಿಸೋ ಹಾಗಿಲ್ಲ. ಎಣ್ಣೆ ಬಿಟ್ಟು, ಕಾದು, ತಿರುಗಿಸಿ, ಮುರಿದ್ರೆ ಕೊರೆದು ತೆಗೀಬೇಕು. ಉಪ್ಪು ನಿಲ್ಲೋದೂ ಅಲ್ಲೇ. ಎಲ್ಲಾ ಕಡೆಗಿಂತ ಮೊದಲು ಅಲ್ಲೇ ಪೈಪು ಸವೆಯೋದು."

"ಅದು ನಿಮಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ನೀವು ಹೇಳಿದ್ದು ಕಟ್ಟಡದ ಬಾಡಿಗೆ, ಹೀಟರು."

"ಅದೂ ಸುಳ್ಳಲ್ಲ. ಆದ್ರೆ ಹೇಳಬೇಕಾಗಿದ್ದು ಅದಲ್ಲ. ನೀವು ಅಳ್ತಿದ್ರಿ. ಕೂಲಿ ಅನ್ನೋದು ಸುಮ್ನೆ ಮೇಲೆ ಹೇರಿದ ಕೊಬ್ಬು ಅಂತ ನಿಮಗೆ ಅನ್ನಿಸ್ಲಿ ಅಂತ ಬಿಟ್ಟೆ. ನಿಮಗೆ ಸಮಾಧಾನ ಆಗತ್ತಲ್ಲ ಅಂತ."

ಮಾರ್ಲೀಸ್ ಕಾಗದದ ಮೇಲೆ ಕೈಯಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು: "ಸಾಲ ಮಾಡ್ತಿದ್ದೆ. ಹಾಗೆ ಅಂತ ಗೊತ್ತಿದ್ರೆ ತಂಗಿ ಹತ್ರ ಕೇಳ್ತಿದ್ದೆ. ಕೊಡೋಳು ಅವಳು." ಕಾಗದ ಮಡಿಚಿದಳು. "ಕಾಫಿ ತಣ್ಣಗಾಯ್ತು. ನೀವಿನ್ನು ಹೊರಡಿ ಐನಾ."

ಸೋಮವಾರ ಬೆಳಿಗ್ಗೆ ಐನಾ ಗ್ಯಾರೇಜಿಗೆ ಹೋಗಲಿಲ್ಲ. ಶೆರಿಫ್ ಕಚೇರಿಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟಳು: ಅಪಾಯವೆಂಬ ಮಾತು ತನ್ನ ಬಾಯಿಂದ ಬರಲೇ ಇಲ್ಲ, ಅದು ಕಂಪ್ಯೂಟರಿನ ಸಾಲು, ತಮ್ಮನ ನಂಬರು ಕೊಟ್ಟವಳು ತಾನು. ಅಲ್ಲಿಂದ ನೇರ ಡೆಲ್‌ನ ಮನೆಗೆ ಹೋದಳು. ಪೊಲೀಸರಿಂದ ಕೇಳುವ ಮೊದಲು ತನ್ನಿಂದಲೇ ಕೇಳಲಿ ಅಂತ. ಅವನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. "ಅಮ್ಮ ಇದ್ದಿದ್ರೆ ನೀನಿದನ್ನ ಮಾಡ್ತಿರ್ಲಿಲ್ಲ," ಎಂದ. ಬಾಗಿಲು ಹಾಕಿಕೊಂಡ.

ಟೆರ್ವೊ ಆ ವಾರವೇ ಅವಳನ್ನು ತೆಗೆದುಹಾಕಿದ. ಅವನಿಗೂ ಬೇರೆ ದಾರಿಯಿರಲಿಲ್ಲ. ಅವನ ಇನ್ಶೂರೆನ್ಸಿನವರು ಎಮಿಲ್‌ನ ಮಗಳಿಗೆ ಒಂದು ಮೊತ್ತ ಕೊಟ್ಟು ಬಾಯಿ ಮುಚ್ಚಿಸಿದರು. ಮುಂದಿನ ವರ್ಷ ಗ್ಯಾರೇಜಿನ ಗಂಟೆಯ ಕೂಲಿ ಹದಿನಾಲ್ಕು ಡಾಲರ್ ಏರಿತು. ಆ ಮಗಳು ಡೆಲ್‌ನ ಮೇಲೂ ದಾವೆ ಹೂಡಿದಳು. ಮನೆ ಬಿಟ್ಟರೆ ಅವನಲ್ಲಿದ್ದುದೆಂದರೆ ಉಪಕರಣಗಳು, ಹಿಮದ ಮೇಲೆ ಓಡಿಸುವ ಎರಡು ಹಳೆಯ ಸ್ನೋಮೊಬೈಲು, ತಂದೆ ಕಟ್ಟಿದ ಶೆಡ್ಡಿದ್ದ ನಾಲ್ಕು ಎಕರೆ. ಜಾಗ ಮಾರಿದ. ಮನೆ ಹೇಗೋ ಉಳಿಯಿತು.

ಮಾರ್ಲೀಸಳ ಮೇಲಿನ ದೊಡ್ಡ ಆರೋಪ ಬಿದ್ದುಹೋಗಿ, ಅಜಾಗರೂಕ ಚಾಲನೆಯ ದಂಡಕ್ಕೆ ಇಳಿಯಿತು. ಆದರೂ ಮುದುಕರ ಮನೆಗೆ ಹೋಗುವ ಕೆಲಸ ಅವಳಿಗೆ ಮತ್ತೆ ಯಾರೂ ಕೊಡಲಿಲ್ಲ. ಹೆದ್ದಾರಿಯ ಪಕ್ಕದ ಮೋಟೆಲಿನಲ್ಲಿ ಹಾಸು ಹೊದಿಕೆ ಒಗೆಯುತ್ತಾಳೆ. ನಡೆದೇ ಹೋಗುತ್ತಾಳೆ. ಮತ್ತೆ ಸ್ಟೇರಿಂಗ್ ಮುಟ್ಟಿಲ್ಲ. ಒಮ್ಮೆ ದಿನಸಿ ಅಂಗಡಿಯಲ್ಲಿ ಐನಾ ಎದುರಾದಾಗ ತಲೆಯಾಡಿಸಿದಳು, ಆಮೇಲೆ ಬೇರೆ ಸಾಲಿಗೆ ತಿರುಗಿದಳು. ಐನಾ ಹಿಂಬಾಲಿಸಲಿಲ್ಲ.

ಐನಾ ಈಗ ಮೂವತ್ತು ಮೈಲಿ ಆಚೆಯ ಪಟ್ಟಣದಲ್ಲಿ ಬಿಡಿಭಾಗಗಳ ಅಂಗಡಿಯಲ್ಲಿದ್ದಾಳೆ. ಪೈಪು, ಫಿಲ್ಟರು, ಬ್ಯಾಟರಿ ಎತ್ತಿಕೊಡುವ ಕೆಲಸ. ಅಲ್ಲಿ ಯಾರೂ ವಿವರಣೆ ಕೇಳುವುದಿಲ್ಲ. ಆದರೂ ಬ್ರೇಕ್ ಪೈಪು ಕೊಳ್ಳಲು ಬಂದವರನ್ನು ಅವಳು ಬಿಡುವುದಿಲ್ಲ. ಎಲ್ಲಿಗೆ ಹಾಕುತ್ತೀರಿ, ಯಾರು ಹಾಕುತ್ತಾರೆ, ಟ್ಯಾಂಕು ಇಳಿಸುತ್ತೀರಾ ಅಂತ ಕೇಳಿ ಕೇಳಿ ಜೀವ ತಿನ್ನುತ್ತಾಳೆ. "ಪೈಪು ಮಾರೋದು ಬಿಟ್ಟು ನಿಮಗ್ಯಾಕಮ್ಮಾ ಇಷ್ಟೆಲ್ಲ?" ಅಂತ ಕೆಲವರು ರೇಗುತ್ತಾರೆ. ಕೆಲವರು ಮುಂದಿನ ಸಲ ಬೇರೆ ಅಂಗಡಿಗೆ ಹೋಗುತ್ತಾರೆ.

ಕೆಲಸ ಮುಗಿಸಿ ಬರುವಾಗ ಒಮ್ಮೊಮ್ಮೆ ಎದುರಿನಿಂದ ಡೆಲ್‌ನ ಪಿಕಪ್ ಬರುತ್ತದೆ. ಆ ಕಡೆಯ ರಸ್ತೆಗಳಲ್ಲಿ ಗುರುತಿಲ್ಲದವರು ಎದುರಾದರೂ ಸ್ಟೇರಿಂಗಿನಿಂದ ಎರಡು ಬೆರಳೆತ್ತಿ ತೋರಿಸುವುದು ಎಲ್ಲರ ಅಭ್ಯಾಸ. ಡೆಲ್ ಕೂಡ ಎರಡು ಬೆರಳೆತ್ತುತ್ತಾನೆ. ಐನಾ ಕೂಡ ಎತ್ತುತ್ತಾಳೆ. ಅವನು ಕಣ್ಣು ರಸ್ತೆಯಿಂದ ಕೀಳದೆ ದಾಟಿ ಹೋಗುತ್ತಾನೆ.